ಮೂಲವ್ಯಾಧಿ ಎಂದುಕೊಂಡಿದ್ದೆ

ಈ ಬಾರಿಯ ಸಂಚಿಕೆಗೆ ‘ಔಷಧಿ ತೆಗೆದುಕೊಳ್ಳುವಾಗ ವಹಿಸಬೇಕಾದ ಎಚ್ಚರಿಕೆ’ ಎಂಬ ವಿಷಯದ ಮೇಲೆ ಒಂದು ಲೇಖನ ಬರೆದುಕೊಡಿ ಎಂದು ಸಂಘದವರು ಕೇಳಿದ್ದರು. ಆಸ್ಪತ್ರೆಯ ಫಾರ್ಮಸಿಯಲ್ಲಿರುವವನು, ಇಪ್ಪತ್ತು ವರ್ಷದ ಅನುಭವ, ಇವನಿಗೆ ಇದು ಸುಲಭ ಎಂದುಕೊಂಡಿರಬೇಕು. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ನಾಲ್ಕು ಸಾಲಿಗೆ ನಿಂತುಹೋಯಿತು. ಆ ಎಚ್ಚರಿಕೆಗಳಲ್ಲಿ ಒಂದನ್ನೂ ಪಾಲಿಸದೆ ಆಸ್ಪತ್ರೆಯಲ್ಲಿ ಮಲಗಿ ಎದ್ದವನು ನಾನೇ. ಆದ್ದರಿಂದ ಅದನ್ನೇ ಬರೆಯುತ್ತೇನೆ. ವಿಷಯ ಹೊಟ್ಟೆಯದ್ದು, ಹೊಟ್ಟೆಗಿಂತ ಸ್ವಲ್ಪ ಕೆಳಗಿನದ್ದು. ಊಟ ಮಾಡುತ್ತಾ ಓದುವವರು ಪುಟ ಮಗುಚಿ, ಕೈ ತೊಳೆದ ಮೇಲೆ ಬನ್ನಿ.

ನಾನು ಓದಿದ್ದು ಮಂಗಳೂರಿನಲ್ಲಿ, ಎರಡು ವರ್ಷದ ಡಿ.ಫಾರ್ಮಾ. ಉಡುಪಿಯ ಒಂದು ಮೆಡಿಕಲ್ ಶಾಪಿನಲ್ಲಿ ನಾಲ್ಕು ವರ್ಷ ನಿಂತು, 2006ರಲ್ಲಿ ದುಬೈಗೆ ಬಂದೆ. ಇಲ್ಲಿಯ ಲೈಸೆನ್ಸಿನಲ್ಲಿ ನನ್ನ ಹೆಸರಿನ ಕೆಳಗೆ ‘ಅಸಿಸ್ಟೆಂಟ್’ ಎಂದೇ ಇದೆ. ಊರಿಗೆ ಹೋದಾಗ ಮಾತ್ರ ನಾನು ಅರ್ಧ ಡಾಕ್ಟ್ರು. ಬಸ್ಸಿಳಿದು ಮನೆ ತಲುಪುವುದರೊಳಗೆ ಮೂರು ಜನ ಶುಗರ್ ರಿಪೋರ್ಟ್ ತೋರಿಸಿ, ಮಾತ್ರೆ ನಿಲ್ಲಿಸಬಹುದೋ ಎಂದು ಕೇಳಿರುತ್ತಾರೆ. ಈ ಅರ್ಧ ಡಾಕ್ಟರಿಕೆಯೇ ನನಗೆ ಮುಳುವಾದದ್ದು.

ಮಗಳು ಎಂಟನೇ ತರಗತಿಗೆ ಬಂದಾಗ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ನಾನು ಶಾರ್ಜಾದ ರೋಲಾ ಬದಿಯಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದೆ. ಫ್ಲ್ಯಾಟಿನಲ್ಲಿ ಏಳು ಜನ, ಒಂದು ಬಾತ್‌ರೂಮು. ಅದರ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ. ಬೆಳಿಗ್ಗೆ ನಾಲ್ಕೂವರೆಯಿಂದ ಯಾರದ್ದು ಯಾವ ಹೊತ್ತು ಎಂಬ ಪಟ್ಟಿ, ತಲಾ ಹದಿನೈದು ನಿಮಿಷ. ನನ್ನದು ಐದೂಮುಕ್ಕಾಲು. ಇಂಥ ಕಾಗದ ಅಂಟಿಸಿದ ಮನೆಯಲ್ಲಿ ಬದುಕಿದವರಿಗೆ, ಅಲ್ಲಿ ಹೊಟ್ಟೆ ಕೆಟ್ಟರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ.

2023ರ ಜನವರಿಯಲ್ಲಿ ಶುರುವಾಯಿತು. ಮೊದಲು ದಿನಕ್ಕೆ ಮೂರು ಸಲ, ಸ್ವಲ್ಪ ಲೋಳೆ. ಹೊರಗಿನ ಊಟ, ಆಮಶಂಕೆ ಇರಬೇಕು ಎಂದು ಊರಿಂದ ತಂದಿಟ್ಟಿದ್ದ ಮೆಟ್ರೋನಿಡಜೋಲ್ ಐದು ದಿನ ನುಂಗಿದೆ. ಕಡಿಮೆಯಾದಂತೆ ಅನ್ನಿಸಿತು. ಫೆಬ್ರವರಿಯಲ್ಲಿ ಮತ್ತೆ ಬಂತು, ಈ ಸಲ ಸಿಪ್ರೋಫ್ಲಾಕ್ಸಸಿನ್ ಸೇರಿಸಿದೆ. ಮಾರ್ಚಿನಲ್ಲಿ ರಕ್ತ ಕಂಡಿತು. ಕೆಂಪಗೆ, ತಾಜಾ ರಕ್ತ. ಎಂಟು ಗಂಟೆ ನಿಂತು ಮಾಡುವ ಕೆಲಸ, ನೀರು ಕುಡಿಯುವುದು ಕಡಿಮೆ, ಅಪ್ಪನಿಗೂ ಇತ್ತು. ಮೂಲವ್ಯಾಧಿ ಎಂದು ತೀರ್ಮಾನಿಸಿ ಮುಲಾಮು ತಂದೆ. ಅಮ್ಮನಿಗೆ ಫೋನಿನಲ್ಲಿ ಹೊಟ್ಟೆ ಸರಿ ಇಲ್ಲ ಎಂದಷ್ಟೇ ಹೇಳಿದೆ. “ಉಷ್ಣ ಆದದ್ದು ಮಗಾ, ಪುನರ್ಪುಳಿ ಸಾರು ಮಾಡಿ ಕುಡಿ” ಎಂದರು. ಅದನ್ನೂ ಕುಡಿದೆ. ಮೂಲವ್ಯಾಧಿಯಲ್ಲಿ ರಾತ್ರಿ ಎರಡು ಗಂಟೆಗೆ ಹೊಟ್ಟೆ ಹಿಂಡಿ ಎಬ್ಬಿಸುವುದಿಲ್ಲ, ಲೋಳೆಯ ಜೊತೆ ಭೇದಿಯೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಬೇರೆಯವರು ಬಂದು ಹೇಳಿದ್ದರೆ ಕೂಡಲೇ ಗೊತ್ತಾಗುತ್ತಿತ್ತು.

ಅದೇ ಹೊತ್ತಿಗೆ ಬಲ ಮೊಣಕಾಲು ಊದಿಕೊಂಡಿತು. ನಿಂತು ನಿಂತು ಎಂದುಕೊಂಡು ಡೈಕ್ಲೋಫೆನಾಕ್ ಶುರು ಮಾಡಿದೆ, ದಿನಕ್ಕೆ ಎರಡು. ಈಗ ಯೋಚಿಸಿದರೆ ನಾಚಿಕೆಯಾಗುವುದು ಇದಕ್ಕೆ. ನಮ್ಮ ಶೆಲ್ಫಿನಲ್ಲಿ ಸಲ್ಫಾಸಲಜೀನ್ ಎಂಬ ಹಳದಿ ಮಾತ್ರೆ ಇದೆ. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಅದನ್ನು ಮಾಡಿಸಿದ್ದು ಸಂಧಿವಾತಕ್ಕೆಂದು; ಕರುಳಿನ ಹುಣ್ಣಿಗೂ ಅದು ಹಿಡಿಯಿತು. ಗಂಟುನೋವಿನವರಿಗೂ ಕರುಳು ಉರಿಯೂತದವರಿಗೂ ಇಪ್ಪತ್ತು ವರ್ಷದಿಂದ ಅದೇ ಮಾತ್ರೆ ಎಣಿಸಿ ಕೊಡುತ್ತಿದ್ದೇನೆ. ಕರುಳಿಗೂ ಕೀಲಿಗೂ ನಂಟಿದೆ ಎಂಬುದಕ್ಕೆ ನನಗೆ ಬೇರೆ ಪುಸ್ತಕ ಬೇಕಿರಲಿಲ್ಲ. ಆದರೂ ನನ್ನ ಮೊಣಕಾಲನ್ನು ಒಂದು ಕಾಯಿಲೆ, ಹೊಟ್ಟೆಯನ್ನು ಇನ್ನೊಂದು ಕಾಯಿಲೆ ಎಂದು ಬೇರೆ ಬೇರೆ ಕಪಾಟಿನಲ್ಲಿಟ್ಟೆ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಇಂಥ ಕರುಳನ್ನು ಇನ್ನಷ್ಟು ಕೆರಳಿಸಬಹುದು ಎಂಬುದೂ ಆಗ ನೆನಪಾಗಲಿಲ್ಲ.

ಕೆಲಸಕ್ಕೆ ಹೋಗುವುದು ಕಾರ್‌ಲಿಫ್ಟಿನಲ್ಲಿ. ಹನ್ನೆರಡು ಜನರ ವ್ಯಾನು, ಅಲ್ ಇತ್ತಿಹಾದ್ ರಸ್ತೆಯ ಬೆಳಗಿನ ಜಾಮು. ಆ ರಸ್ತೆಯ ಪೆಟ್ರೋಲ್ ಪಂಪುಗಳು, ಮಸೀದಿಗಳು, ಮಾಲ್‌ಗಳು, ಯಾವುದರ ಶೌಚಾಲಯ ಎಲ್ಲಿದೆ, ಯಾವುದು ಬೆಳಿಗ್ಗೆ ತೆರೆದಿರುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಎರಡು ಸಲ ಡ್ರೈವರ್ ಪಾಪ ನಿಲ್ಲಿಸಿಕೊಟ್ಟ. ಮೂರನೇ ಸಲ ನಿಲ್ಲಿಸಲು ಜಾಗ ಇರಲಿಲ್ಲ. ಅಷ್ಟೇ ಹೇಳುತ್ತೇನೆ. ಆಮೇಲಿಂದ ಬ್ಯಾಗಿನಲ್ಲಿ ಒಂದು ಪ್ಯಾಂಟು ಇಟ್ಟುಕೊಳ್ಳತೊಡಗಿದೆ. ವ್ಯಾನು ಹತ್ತುವ ಮೊದಲು ಭೇದಿ ಕಟ್ಟುವ ಲೋಪೆರಮೈಡ್ ಎರಡು. ಬೆಳಗಿನ ತಿಂಡಿ ಬಿಟ್ಟೆ. ಆಮೇಲೆ ರಾತ್ರಿಯ ಊಟವನ್ನೂ ಅರ್ಧ ಮಾಡಿದೆ.

ಡಾಕ್ಟರ ಬಳಿ ಹೋಗಲೇ ಇಲ್ಲ ಎಂದಲ್ಲ. ಏಪ್ರಿಲ್‌ನಲ್ಲಿ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆ. ನಮ್ಮ ಇನ್ಶೂರೆನ್ಸ್ ಬೇಸಿಕ್ ಪ್ಲಾನಿನದ್ದು. ಮೊದಲು ಜಿಪಿಯನ್ನೇ ನೋಡಬೇಕು, ಅವರು ಬರೆದುಕೊಟ್ಟರೆ ಮಾತ್ರ ಸ್ಪೆಷಲಿಸ್ಟ್. ಸಾಲಿನಲ್ಲಿ ಕೂತಿದ್ದಾಗ ರಿಸೆಪ್ಶನ್ನಿನ ಹುಡುಗಿ ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದಳು. ಬ್ರಹ್ಮಾವರದ ಕಡೆಯವಳು, ನಮ್ಮೂರಿಗೆ ಐದಾರು ಮೈಲಿ. ನನ್ನ ಬಾಯಿ ಅಲ್ಲೇ ಕಟ್ಟಿತು. ಒಳಗೆ ಡಾಕ್ಟರು “ಎಷ್ಟು ಸಲ?” ಎಂದರು. “ಎರಡು ಮೂರು ಸಲ” ಎಂದೆ. ಅವತ್ತಿಗೆ ಆಗಲೇ ಐದು ಸಲ ಆಗಿತ್ತು. “ರಕ್ತ?” “ಇಲ್ಲ.” ಬಾಗಿಲು ಅರ್ಧ ತೆರೆದಿತ್ತು, ಮುಂದಿನ ರೋಗಿ ಆಗಲೇ ನಿಂತಿದ್ದ. ಓಆರ್‌ಎಸ್ ಬರೆದುಕೊಟ್ಟರು. ಅವರದ್ದೇನೂ ತಪ್ಪಿಲ್ಲ. ನಾನು ಹೇಳಿದ ರೋಗಕ್ಕೆ ಅದೇ ಸರಿಯಾದ ಔಷಧಿ.

ಹೆದರಿಕೆ ಇನ್ನೊಂದಿತ್ತು. ನನ್ನ ವೀಸಾ ಅಕ್ಟೋಬರಿನಲ್ಲಿ ರಿನ್ಯೂ ಆಗಬೇಕಿತ್ತು. ಮಗಳು ಹತ್ತನೇ ತರಗತಿ, ಮನೆಯ ಸಾಲ ಇನ್ನೂ ನಾಲ್ಕು ವರ್ಷದ್ದು ಬಾಕಿ. ವಾಸಿಯಾಗದ ಯಾವುದೋ ಕಾಯಿಲೆ ಎಂದು ಕಾಗದದಲ್ಲಿ ಬಂದರೆ ಕಂಪನಿ ಸುಮ್ಮನೆ ಟಿಕೆಟ್ ಕೈಗೆ ಕೊಡಬಹುದು. ಅಕ್ಟೋಬರ್ ದಾಟಲಿ, ಸ್ಟಾಂಪಿಂಗ್ ಆದಮೇಲೆ ನೋಡೋಣ ಎಂದು ತಿಂಗಳು ಎಣಿಸುತ್ತಿದ್ದೆ. ರಾತ್ರಿ ವಿಡಿಯೋ ಕಾಲ್ ಮಾಡುವಾಗ ಫೋನನ್ನು ಎತ್ತರದಲ್ಲಿ, ಮುಖ ಮಾತ್ರ ಕಾಣುವಂತೆ ಹಿಡಿಯುತ್ತಿದ್ದೆ. ಒಂದು ದಿನ ಹೆಂಡತಿ, “ಎಂತ ಮಾರಾಯ್ರೆ, ನಿಮ್ಮ ಕಾಲರ್ ಅಷ್ಟು ಸಡಿಲ?” ಎಂದಳು. ಹೊಸ ಅಂಗಿ, ಒಂದು ಸೈಜು ದೊಡ್ಡದು ಬಂತು ಎಂದೆ. 71 ಕೆಜಿ ಇದ್ದವನು ಆಗ 62 ಆಗಿದ್ದೆ.

ಆಗಸ್ಟಿನ ಎರಡನೇ ವಾರ, ಶುಕ್ರವಾರ ರಾತ್ರಿ. ನಮ್ಮ ಕೋಣೆಯಲ್ಲಿ ಸಿಂಧನೂರಿನ ಹುಡುಗ ಒಬ್ಬನಿದ್ದಾನೆ, ಏಸಿ ಟೆಕ್ನಿಷಿಯನ್. ನನ್ನ ಮೇಲಿನ ಮಂಚ ಅವನದ್ದು. ನಾನು ಬಾತ್‌ರೂಮಿನಿಂದ ಗೋಡೆ ಹಿಡಿದುಕೊಂಡು ಬರುವಾಗ ಅವನು ಕೆಳಗಿಳಿದು ನನ್ನ ಹಾಸಿಗೆಯ ಮೇಲೆ ಕೂತಿದ್ದ.

“ಅಣ್ಣಾರ, ಇವತ್ತ ರಾತ್ರಿ ಎಷ್ಟ ಸಲ ಎದ್ರಿ, ಗೊತ್ತೈತೇನು ನಿಮಗ?”

“ಎರಡು ಮೂರು ಸಲ.”

“ಏಳ ಸಲ. ನಾ ಎಣಿಸೀನಿ. ರಕ್ತಾನೂ ನೋಡೀನಿ, ನೀವು ಎಷ್ಟ ನೀರು ಹಾಕಿದ್ರೂ ಅಂಚಿಗೆ ಉಳಿತೈತ್ರಿ.”

ಮೂಲವ್ಯಾಧಿ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನಮ್ಮಪ್ಪಂಗೂ ಮೂಲವ್ಯಾಧಿ ಅಂತ ಹೇಳ್ಕೋತ ಎರಡು ವರ್ಷ ತಗದ್ವಿರಿ. ಕಡೀಕ ಅದು ಕ್ಯಾನ್ಸರ್ ಇತ್ತು” ಎಂದು ಹೇಳಿ ಎದ್ದು ಪ್ಯಾಂಟು ಹಾಕಿಕೊಂಡ. ನನ್ನ ಎಮಿರೇಟ್ಸ್ ಐಡಿ, ಇನ್ಶೂರೆನ್ಸ್ ಕಾರ್ಡು ಎಲ್ಲಿದೆ ಎಂದು ಕೇಳಿದ. ಕೆಳಗೆ ಟ್ಯಾಕ್ಸಿ ನಿಲ್ಲಿಸಿದಾಗ ರಾತ್ರಿ ಎರಡೂಕಾಲು; ಆ ಹೊತ್ತಿನಲ್ಲೂ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ನನಗೆ ಚಳಿ. ನಾನು ಕೆಲಸ ಮಾಡುವ ಆಸ್ಪತ್ರೆಗೆ ಬೇಡ ಎಂದೆ. ಪರಿಚಯದವರ ಎದುರು ಈ ಮಾತು ಹೇಳಲು ಅಲ್ಲಿಯವರೆಗೂ ಧೈರ್ಯ ಇರಲಿಲ್ಲ. ಹತ್ತಿರದ ಇನ್ನೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು.

ಜ್ವರ 38.2. ನಾಡಿ 118. ಮಲಯಾಳಿ ಸಿಸ್ಟರ್ ಎಷ್ಟು ಸಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿಂಧನೂರಿನವನು ಹಿಂದಿಯಲ್ಲಿ ಹೇಳಿಬಿಟ್ಟ: ರಾತ್ರಿ ಏಳು, ಹಗಲಿನದ್ದು ಇವರನ್ನೇ ಕೇಳಿ. ಹಗಲಿನದ್ದು ನಾನೇ ಹೇಳಿದೆ. ಐದು. ಎಲ್ಲದರಲ್ಲೂ ರಕ್ತ. ಎಂಟು ತಿಂಗಳಿಂದ. ಹಾಗೆ ಒಟ್ಟಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ಅಲ್ಲಿಯ ವೇಗವೇ ಬದಲಾಯಿತು. ಕುರ್ಚಿಯಿಂದ ಮಂಚಕ್ಕೆ, ಎರಡು ಕೈಗೂ ಸೂಜಿ, ಡ್ರಿಪ್ಪು.

ಡ್ಯೂಟಿ ಡಾಕ್ಟರು ಈಜಿಪ್ಟಿನವರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾವ ಯಾವ ಔಷಧಿ ತೆಗೆದುಕೊಂಡಿದ್ದೀರಿ ಎಂದರು. ಒಂದೊಂದಾಗಿ ಹೇಳುತ್ತಾ ಹೋದೆ. ಎರಡು ಆಂಟಿಬಯಾಟಿಕ್, ಡೈಕ್ಲೋಫೆನಾಕ್, ಲೋಪೆರಮೈಡ್. ಲೋಪೆರಮೈಡ್ ಎಂದಾಗ ಅವರ ಪೆನ್ನು ನಿಂತಿತು. ಇಷ್ಟು ಕೆರಳಿದ ದೊಡ್ಡ ಕರುಳನ್ನು ಬಲವಂತವಾಗಿ ಕಟ್ಟಿಹಾಕಿದರೆ ಅದು ಬಲೂನಿನಂತೆ ಉಬ್ಬಿ ಒಡೆಯುವ ಅಪಾಯವಿದೆ. ಕೂಡಲೇ ಹೊಟ್ಟೆಯ ಎಕ್ಸ್‌ರೇಗೆ ಬರೆದರು. “ಇದನ್ನೆಲ್ಲ ಯಾರು ಬರೆದುಕೊಟ್ಟದ್ದು?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. “ನಿಮ್ಮ ಕೆಲಸ ಏನು?” ಎಂದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಕೊಡಲೇಬೇಕಾಯಿತು. ಅವರು ಬೈಯಲಿಲ್ಲ. ಬರೆದುಕೊಂಡರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಎಕ್ಸ್‌ರೇಯಲ್ಲಿ ಕರುಳು ಉಬ್ಬಿರಲಿಲ್ಲ. ಹಿಮೋಗ್ಲೋಬಿನ್ 9.1, ಉರಿಯೂತ ತೋರಿಸುವ ಸಿಆರ್‌ಪಿ 86, ಪೊಟ್ಯಾಶಿಯಂ ಕಡಿಮೆ. ಈ ಲೆಕ್ಕಕ್ಕೆ ಒಂದು ಹಳೆಯ ಅಳತೆಗೋಲಿದೆ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ಇಂಗ್ಲೆಂಡಿನ ಇಬ್ಬರು ವೈದ್ಯರು ಕೊಟ್ಟದ್ದು, ಸ್ವಲ್ಪ ತಿದ್ದಿ ಇಂದಿಗೂ ಬಳಸುತ್ತಾರೆ: ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತದ ಭೇದಿ, ಜೊತೆಗೆ ನಾಡಿ 90 ದಾಟಿರುವುದು, ಜ್ವರ 37.8 ದಾಟಿರುವುದು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಇಎಸ್‌ಆರ್ 30 ದಾಟಿರುವುದು, ಇವುಗಳಲ್ಲಿ ಒಂದಿದ್ದರೂ ಮನೆಗೆ ಕಳಿಸುವಂತಿಲ್ಲ. ನನ್ನಲ್ಲಿ ನಾಲ್ಕೂ ಇದ್ದವು. ಅಡ್ಮಿಟ್ ಮಾಡಿದರು. ಅಪ್ರೂವಲ್ಲಿಗೆ ಎಷ್ಟು ದಿನ ಕಾಯಬೇಕೋ ಎಂದು ಹೆದರಿದ್ದೆ; ಎಮರ್ಜೆನ್ಸಿಯಾದ್ದರಿಂದ ನನ್ನ ಪ್ಲಾನಿನಲ್ಲಿ ಚಿಕಿತ್ಸೆ ಮೊದಲು, ಕಾಗದ ಆಮೇಲೆ.

ಮಲದ ಪರೀಕ್ಷೆಗಳೇ ನಾಲ್ಕು. ಸೋಂಕಿನ ಕಲ್ಚರ್, ಅಮೀಬಾ, ನಾನೇ ನುಂಗಿದ ಆಂಟಿಬಯಾಟಿಕ್ಕಿನಿಂದ ಬರಬಹುದಾದ ಸಿ ಡಿಫಿಸಿಲ್ ಎಂಬ ಸೋಂಕು, ಮತ್ತೆ ಕ್ಯಾಲ್‌ಪ್ರೊಟೆಕ್ಟಿನ್. ಈ ಕೊನೆಯದ್ದರ ಹೆಸರು ನೆನಪಿಟ್ಟುಕೊಳ್ಳಿ. ಇದು ಬರೀ ಹೊಟ್ಟೆ ಕೆಟ್ಟದ್ದೋ, ಕರುಳಿನ ಗೋಡೆಯೇ ಉರಿಯುತ್ತಿದೆಯೋ ಎಂದು ಡಬ್ಬಿಯಲ್ಲಿ ಕೊಟ್ಟ ಚಿಟಿಕೆ ಮಲದಿಂದ ಬಹುಮಟ್ಟಿಗೆ ತಿಳಿಯುತ್ತದೆ. ಸಾಮಾನ್ಯವಾಗಿ 50ರೊಳಗೆ ಇರಬೇಕಾದದ್ದು ನನಗೆ 1800 ದಾಟಿತ್ತು. ಏಪ್ರಿಲ್‌ನಲ್ಲಿ ನಿಜ ಹೇಳಿದ್ದರೆ ಈ ಡಬ್ಬಿ ಏಪ್ರಿಲ್‌ನಲ್ಲೇ ಕೈಗೆ ಬರುತ್ತಿತ್ತು.

ಮರುದಿನ ಗುದದ್ವಾರದಿಂದ ಕ್ಯಾಮೆರಾ ಹಾಕಿ ನೋಡಿದರು. ಪೂರ್ತಿ ಕೊಲೊನೋಸ್ಕೋಪಿ ಅಲ್ಲ. ಈ ಸ್ಥಿತಿಯಲ್ಲಿ ಕರುಳು ತೊಳೆಯುವ ಔಷಧಿ ಕುಡಿಸುವುದೂ, ಅಷ್ಟು ದೂರ ನಳಿಕೆ ತಳ್ಳುವುದೂ ಅಪಾಯ ಎಂದು ಮೊದಲ ಭಾಗ ಮಾತ್ರ. ಹತ್ತು ನಿಮಿಷದ ಕೆಲಸ. ಪರದೆಯಲ್ಲಿ ಕಂಡದ್ದು ನಮ್ಮೂರಿನ ಮುರಕಲ್ಲಿನ ಗೋಡೆ ಮಳೆಗೆ ನೆನೆದು ಕುಂತಂತೆ: ಕೆಂಪು, ತೂತುತೂತು, ಮುಟ್ಟಿದಲ್ಲೆಲ್ಲ ರಕ್ತ. ಬಯಾಪ್ಸಿಗೆ ಚೂರು ತೆಗೆದರು. ಕ್ಯಾನ್ಸರಿನ ಗಡ್ಡೆಯಂಥದ್ದು ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದಾಗ, ಅದನ್ನು ಹೊರಗೆ ಬೆಂಚಿನ ಮೇಲೆ ಕೂತವನಿಗೆ ಮೊದಲು ಹೇಳಿ ಎಂದೆ.

ಆದರೆ ಅವರ ಮುಂದಿನ ಪ್ರಶ್ನೆಗೆ ನನ್ನ ಜೀವ ಹಾರಿತು. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ? ನಮ್ಮ ದೇಶದವರಲ್ಲಿ ಕರುಳಿಗೂ ಟಿಬಿ ಬರುತ್ತದೆ, ಅದು ಕ್ರೋನ್ಸ್ ಕಾಯಿಲೆಯ ಹಾಗೆಯೇ ಕಾಣುತ್ತದೆ. ಟಿಬಿ ಇರುವವನಿಗೆ ಗೊತ್ತಿಲ್ಲದೆ ಸ್ಟೆರಾಯ್ಡ್ ಕೊಡುತ್ತಾ ಹೋದರೆ ಟಿಬಿ ಹರಡುತ್ತದೆ. ಕೇಳುವುದು ಅವರ ಕರ್ತವ್ಯ. ಆದರೆ ವೀಸಾ ಮೆಡಿಕಲ್ಲಿನಲ್ಲಿ ಎದೆಯ ಎಕ್ಸ್‌ರೇ ತೆಗೆಯುವುದು ಯಾತಕ್ಕೆ ಎಂದು ಗಲ್ಫಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉರಿಯೂತ ಗುದದಿಂದಲೇ ಶುರುವಾಗಿ ಎಲ್ಲೂ ಬಿಡದೆ ಮೇಲಕ್ಕೆ ಹೋಗಿದೆ, ಟಿಬಿ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿ ಕೂರುತ್ತದೆ, ಆದ್ದರಿಂದ ಇದು ಅದಲ್ಲ ಎನ್ನಿಸುತ್ತದೆ, ಆದರೂ ರಕ್ತಪರೀಕ್ಷೆ ಮಾಡುತ್ತೇವೆ ಎಂದರು. ರಿಪೋರ್ಟ್ ಬರಲು ನಾಲ್ಕು ದಿನ. ಆ ನಾಲ್ಕು ದಿನ ನಾನು ಹೊಟ್ಟೆನೋವನ್ನು ಮರೆತಿದ್ದೆ.

ಅಷ್ಟರಲ್ಲಿ ಹೈಡ್ರೊಕಾರ್ಟಿಸೋನ್ ನರಕ್ಕೆ ಶುರುವಾಗಿತ್ತು, 100 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ. ಜೊತೆಗೆ ಹೊಟ್ಟೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಇಂಜೆಕ್ಷನ್. ರಕ್ತ ಹೋಗುತ್ತಿರುವವನಿಗೆ ಇದೆಂಥದ್ದು ಎಂದು ಯಾರಿಗಾದರೂ ಅನ್ನಿಸಬೇಕು. ಕರುಳು ಇಷ್ಟು ಉರಿಯುವಾಗ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೇ ದೊಡ್ಡದು. ಹಿಂದೊಮ್ಮೆ ಇಂಥದ್ದೇ ಚೀಟಿ ಬಂದಾಗ ನಾನು ವಾರ್ಡಿಗೆ ಫೋನು ಮಾಡಿ, ತಪ್ಪಿ ಬರೆದಿದ್ದೀರಾ ಎಂದು ಕೇಳಿದ್ದೆ. ಈಗ ಸುಮ್ಮನೆ ಹೊಟ್ಟೆ ಒಡ್ಡಿದೆ.

ಮೂರನೆಯ ದಿನ ಎಂಬುದೊಂದಿದೆ. ಅಷ್ಟರಲ್ಲಿ ಸ್ಟೆರಾಯ್ಡ್ ಹಿಡಿಯದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ದುಬಾರಿ ಔಷಧಿ, ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳನ್ನೇ ತೆಗೆಯುವ ಆಪರೇಶನ್. ಸರ್ಜನ್ ಎರಡನೇ ದಿನವೇ ಬಂದು ಪರಿಚಯ ಮಾಡಿಕೊಂಡು ಹೋಗಿದ್ದರು, ಹುಡುಗಿ ನೋಡಲು ಬಂದವರ ಹಾಗೆ. ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. “ಕಾಲರ್ ನೋಡಿದಾಗಲೇ ಗೊತ್ತಾಗಿತ್ತು. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ” ಎಂದಳು. ಆಮೇಲೆ ಅಳುವಂತಾದದ್ದು ನನಗೆ. ಮೂರನೆಯ ದಿನ ನಾಲ್ಕೇ ಸಲ, ಸಿಆರ್‌ಪಿ 31. ಸರ್ಜನ್ ಮತ್ತೆ ಬರಲಿಲ್ಲ.

ಟಿಬಿ ರಿಪೋರ್ಟ್ ನೆಗೆಟಿವ್. ಬಯಾಪ್ಸಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಎಂದು ಬಂತು. ವಾಸಿಯಾಗುವಂಥದ್ದಲ್ಲ, ಹತೋಟಿಯಲ್ಲಿಡುವಂಥದ್ದು, ನಮ್ಮ ದೇಹದ ಕಾವಲೇ ನಮ್ಮ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಎಂಟನೇ ದಿನ ಪ್ರೆಡ್ನಿಸೊಲೋನ್, ಮೆಸಲಜೀನ್ ಚೀಟಿ ಹಿಡಿದು ಫಾರ್ಮಸಿಯ ಸಾಲಿನಲ್ಲಿ ಟೋಕನ್ ತೆಗೆದುಕೊಂಡು ನಿಂತೆ. ಕೌಂಟರಿನಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿ, ಇದನ್ನು ಒಮ್ಮೆಲೇ ನಿಲ್ಲಿಸಬಾರದು, ತಿಂಡಿಯ ನಂತರ ತೆಗೆದುಕೊಳ್ಳಿ ಎಂದು ನಿಧಾನವಾಗಿ ಹೇಳಿದಳು. ನನಗೆ ಗೊತ್ತು ಎನ್ನಲಿಲ್ಲ.

ಕಂಪನಿಯ ವಿಷಯ. ನಮ್ಮ ಇನ್‌ಚಾರ್ಜ್ ಕೇಳಿದ್ದು ಒಂದೇ, ನಮ್ಮಲ್ಲಿಗೇ ಯಾಕೆ ಬರಲಿಲ್ಲ ಎಂದು. ಎಚ್‌ಆರ್ ಕೇಳಿದ್ದು ಸಿಕ್ ಲೀವ್ ಸರ್ಟಿಫಿಕೇಟು. ಪ್ರೊಬೇಶನ್ ಮುಗಿದವರಿಗೆ ಇಲ್ಲಿಯ ಕಾನೂನಿನಲ್ಲಿ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದ್ದು. ಹದಿನೇಳು ವರ್ಷ ಇಲ್ಲಿದ್ದು ನಾನು ಇದನ್ನು ಓದಿರಲಿಲ್ಲ. ಅಕ್ಟೋಬರಿನಲ್ಲಿ ವೀಸಾ ಮೆಡಿಕಲ್‌ಗೆ ಹೋದೆ. ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆದರು. ಕರುಳಿನ ಬಗ್ಗೆ ಯಾರೂ ಕೇಳಲಿಲ್ಲ. ಯಾವ ದಿನಕ್ಕೆ ಹೆದರಿ ಎಂಟು ತಿಂಗಳು ರಕ್ತ ಕಳೆದುಕೊಂಡೆನೋ ಆ ದಿನ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲ ಕಂಪನಿಯೂ ಹೀಗೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ನನಗಾದದ್ದು ಇಷ್ಟು.

ಈಗ 69 ಕೆಜಿ. ಮೊಣಕಾಲು ತಾನಾಗಿಯೇ ಇಳಿಯಿತು. ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಕ್ಯಾಲ್‌ಪ್ರೊಟೆಕ್ಟಿನ್ ಡಬ್ಬಿ ಕೊಟ್ಟು ಬರುತ್ತೇನೆ, ಹೋದ ಸಲದ್ದು 140. ಮಾತ್ರೆಯ ಬೆಲೆಯಲ್ಲಿ ಶೇಕಡ 30 ನನ್ನ ಪಾಲು, ಅದು ತಿಂಗಳ ಲೆಕ್ಕದಲ್ಲಿ ಸೇರಿಕೊಂಡಿದೆ. ನಡುವೆ ಒಮ್ಮೆ ಮತ್ತೆ ಸ್ವಲ್ಪ ರಕ್ತ ಕಂಡಿತ್ತು. ಅವತ್ತೇ ಫೋನು ಮಾಡಿ, ಸಂಖ್ಯೆ ಸರಿಯಾಗಿ ಹೇಳಿದೆ.

ಬಾತ್‌ರೂಮಿನ ಬಾಗಿಲಿನ ಕಾಗದ ಈ ವರ್ಷ ಹೊಸದಾಗಿ ಬರೆದದ್ದು. ನಾಲ್ಕೂವರೆಯಿಂದ ಆರು ಹೆಸರು, ತಲಾ ಹದಿನೈದು ನಿಮಿಷ. ಅದರಲ್ಲಿ ನನ್ನ ಹೆಸರಿಲ್ಲ. ಕೆಳಗೆ ಸಿಂಧನೂರಿನವನ ಸೊಟ್ಟ ಕನ್ನಡ ಅಕ್ಷರದಲ್ಲಿ ಒಂದು ಸಾಲಿದೆ: ಅಣ್ಣಾರು ಬಂದರ ಬಾಗಲಾ ಬಿಡಬೇಕು. ಕನ್ನಡ ಓದಲು ಬಾರದ ಉಳಿದವರಿಗೆ ಅವನೇ ಓದಿ ಹೇಳಿದ್ದಾನಂತೆ.